ಒಳಮನಸ್ಸಿನ ಬ್ರೇಕು

ತೂಕಡಿಸುವವನು ಮನೆಯಲ್ಲಿ ತೂಕಡಿಸಬೇಕು, ಇಲ್ಲವೇ ಹರಿಕಥೆಯಲ್ಲಿ. ಹರಿಕಥೆಯಲ್ಲಿ ತಲೆದೂಗಿದರೆ ದಾಸರು ಸಂತೋಷಪಟ್ಟು ಇನ್ನೊಂದು ಪದ ಹೆಚ್ಚಿಗೆ ಹಾಡುತ್ತಾರೆ, ಅಷ್ಟೇ ಅಪಾಯ. ನಮ್ಮ ಹೊಳೆನರಸೀಪುರದ ಬಸ್ ಏಜೆಂಟ್ ನಂಜಯ್ಯ ತಲೆದೂಗಿದ್ದು ಹಾಸನದಲ್ಲಿ, ಕಂಪೆನಿಯ ಹೆಡ್ಡಾಫೀಸಿನಲ್ಲಿ, ಯಜಮಾನರ ಅಳಿಯ ಭಾಷಣ ಮಾಡುತ್ತಿದ್ದಾಗ. ಅದರ ಫಲವನ್ನು ಅವನೊಬ್ಬನೇ ಉಂಡಿದ್ದರೆ ನಾನು ಈ ಕಥೆ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಆಗ ಯುದ್ಧದ ಕಾಲ. ಪೆಟ್ರೋಲು ಸೈನ್ಯದ ಪಾಲು, ಇದ್ದಿಲು ನಮ್ಮ ಪಾಲು. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆಯೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಬಸ್ಸು ಓಡಿಸುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು, ಇಳಿಜಾರು ಬಂದರೆ ಕೂತಲ್ಲೇ ದೇವರನ್ನು ನೆನೆಯಬೇಕು. ‘ಗಂಗಾಂಬಿಕಾ ಮೋಟಾರ್ ಸರ್ವಿಸ್’ ಎಂಬ ಕಂಪೆನಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ಹೀಗೆ ಜನರ ಭಕ್ತಿಯನ್ನು ಹೆಚ್ಚಿಸುತ್ತಾ ಓಡಾಡುತ್ತಿತ್ತು. ಅದರ ಯಜಮಾನರು ಅರಕಲಗೂಡಿನ ಈಶ್ವರಯ್ಯನವರು. ಮೊದಲು ಮೆಣಸಿನಕಾಯಿ ಮಂಡಿ ಇಟ್ಟಿದ್ದವರು. ಯಾರು ಯಾವ ಖರ್ಚಿನ ಸುದ್ದಿ ತಂದರೂ ಅವರಿಗೆ ಕೆಮ್ಮು ಬರುತ್ತಿತ್ತು.

ಅವರ ಅಳಿಯ ಗೌರೀಶಂಕರ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದಿದ್ದ. ಓದಿಗೆ ತಕ್ಕ ಕೆಲಸ ಸಿಕ್ಕುವವರೆಗೆ ಮಾವ ಅವನನ್ನು ಕಂಪೆನಿಯ ಸೆಕ್ರೆಟರಿ ಮಾಡಿದರು. ಕೆಟ್ಟವನಲ್ಲ. ಓದಿದ್ದನ್ನೆಲ್ಲ ನಂಬುತ್ತಿದ್ದ, ಅದೊಂದೇ ದೋಷ. ಆ ದಿನ ಏಜೆಂಟರನ್ನೂ ಕಂಡಕ್ಟರುಗಳನ್ನೂ ಹಾಸನಕ್ಕೆ ಕರೆಸಿ ಅವನು ಹೇಳಿದ:

“ಕಂಪೆನಿ ಅಂದರೆ ಒಂದು ಸಂಸಾರ. ಯಜಮಾನರೇ ತಂದೆ. ನೀವೆಲ್ಲ ಮಕ್ಕಳು. ಪ್ರತಿಯೊಬ್ಬ ಮಗನ ಒಳಮನಸ್ಸಿನಲ್ಲೂ ತಂದೆ ಸಾಯಲಿ ಎಂಬ ಆಸೆ ಇರುತ್ತದೆ. ಅದು ಅವನಿಗೇ ಗೊತ್ತಿರುವುದಿಲ್ಲ. ಆ ಆಸೆ ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಕನಸಾಗಿ ಬರುತ್ತದೆ, ಮರೆವಾಗಿ ಬರುತ್ತದೆ, ದೂರಾಗಿ ಬರುತ್ತದೆ. ನೌಕರ ಬಂದು ‘ಟೈರು ಸವೆದಿದೆ’ ಅಂದಾಗ ನಾವು ಟೈರನ್ನು ನೋಡಬಾರದು. ನೌಕರನನ್ನು ನೋಡಬೇಕು.”

ಅಲ್ಲಿಯವರೆಗೆ ಮೂಲೆಯಲ್ಲಿ ವಿಭೂತಿ ತೀಡಿಕೊಳ್ಳುತ್ತಾ ಕೂತಿದ್ದ ಈಶ್ವರಯ್ಯನವರು ಈ ಮಾತಿಗೆ ನೆಟ್ಟಗಾದರು. ಟೈರಿಗೆ ಆಗ ಚಿನ್ನದ ಬೆಲೆ. ನೌಕರನನ್ನು ಎಷ್ಟು ಹೊತ್ತು ನೋಡಿದರೂ ಖರ್ಚಿಲ್ಲ. ಅಳಿಯನ ಓದಿಗೆ ಹಾಕಿದ್ದು ದಂಡವಾಗಲಿಲ್ಲ ಎಂದು ಅವರಿಗೆ ಅವತ್ತೇ ಮೊದಲು ಅನ್ನಿಸಿದ್ದಂತೆ.

“ಅರ್ಥವಾಯಿತೇ?” ಎಂದ ಗೌರೀಶಂಕರ. ಎಲ್ಲರೂ ಕಲ್ಲುಬಸವನ ಹಾಗೆ ಕೂತಿದ್ದರು. ಬೆಳಕು ಹರಿಯುವ ಮೊದಲೇ ಎದ್ದು ಬಂದಿದ್ದ ನಂಜಯ್ಯನ ತಲೆ ಮಾತ್ರ ಮುಂದಕ್ಕೆ ಬಾಗಿ ಮೇಲಕ್ಕೆದ್ದು, ಮತ್ತೆ ಬಾಗಿ, ಮತ್ತೆ ಎದ್ದಿತು. ತನ್ನ ಮಾತು ತಲುಪಿದ ಒಂದೇ ಒಂದು ಆತ್ಮವನ್ನು ಕಂಡು ಗೌರೀಶಂಕರನ ಕಣ್ಣು ಒದ್ದೆಯಾಯಿತು. ಹೊಳೆನರಸೀಪುರದಲ್ಲಿ ನೌಕರರ ಒಳಮನಸ್ಸನ್ನು ಕೇಳುವ ಅಧಿಕಾರ ಅಲ್ಲೇ ನಂಜಯ್ಯನಿಗೆ ಬಂತು. ಎಚ್ಚರವಾಗುವ ಹೊತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿದ್ದೆ ಮಾಡುತ್ತಿದ್ದೆ ಎಂದು ಹೇಳುವುದಕ್ಕಿಂತ ಅಧಿಕಾರ ವಹಿಸಿಕೊಳ್ಳುವುದೇ ಸುಲಭವೆಂದು ಅವನಿಗೆ ತೋರಿತು. ಲೋಕದಲ್ಲಿ ಎಷ್ಟೋ ಅಧಿಕಾರಿಗಳು ಹೀಗೆಯೇ ಆಗಿರುವುದು.

ಮನೆಗೆ ಬಂದು ಹೆಂಡತಿ ಶಿವಗಂಗಮ್ಮನಿಗೆ, ಗೌರೀಶಂಕರ ಆಮೇಲೆ ಹೇಳಿಕೊಟ್ಟ ವಿಧಿವಿಧಾನ ವಿವರಿಸಿದ. ನೌಕರನನ್ನು ಬೆಂಚಿನ ಮೇಲೆ ಮಲಗಿಸಬೇಕು. ತಾನು ಅವನ ತಲೆಯ ಹಿಂದೆ, ಅವನಿಗೆ ಕಾಣದ ಹಾಗೆ ಕೂರಬೇಕು. ಮನಸ್ಸಿಗೆ ಬಂದದ್ದನ್ನೆಲ್ಲ ಅವನು ಹೇಳಬೇಕು, ತಾನು ‘ಹೂಂ’ ಅನ್ನಬೇಕು.

ಶಿವಗಂಗಮ್ಮ ಮೊರದಲ್ಲಿದ್ದ ರಾಗಿ ಕೆಳಗಿಟ್ಟಳು. “ನಮ್ಮೋರಲ್ಲಿ ಸತ್ತ ಮ್ಯಾಲೂ ಮಲಗ್ಸಲ್ಲ, ಕೂರ್ಸಿ ಮಣ್ ಮಾಡ್ತಾರೆ. ನೀವು ಬದ್ಕಿರೋರ್ನ ಹಗಲೊತ್ನಾಗೆ ಮಲಗ್ಸಕ್ಕೆ ಹೊಂಟಿದೀರಲ್ಲ, ಇದ್ಯಾವ್ ಶಾಸ್ತ್ರ?”

“ಮನಶ್ಶಾಸ್ತ್ರ ಕಣೆ.”

“ಯಾವ್ ಮಠದ್ದು?”

“ಮಠದ್ದಲ್ಲ. ದೂರದೇಶದಾಗೆ ಒಬ್ರು ಗಡ್ಡದ ಡಾಕ್ಟ್ರು ಹೇಳಿರೋದಂತೆ.”

“ಗಡ್ಡ ಐತಾ? ಹಂಗಾರೆ ಸ್ವಾಮ್ಗೋಳೇ ಇರ್ಬೇಕು ಬುಡಿ” ಎಂದು ಶಿವಗಂಗಮ್ಮ ಸಮಾಧಾನಪಟ್ಟು ಮೊರ ಎತ್ತಿಕೊಂಡಳು.

ಬೆಂಚು ಇಡುವುದೇ ಒಂದು ಪೇಚಾಟವಾಯಿತು. ಬುಕಿಂಗ್ ಆಫೀಸೆಂದರೆ ಒಂದು ಬೆಂಚು, ಒಂದು ಮೇಜು ಹಿಡಿಸುವಷ್ಟು ಕೋಣೆ. ಉತ್ತರಕ್ಕೆ ತಲೆ ಹಾಕಿ ಯಾವನೂ ಮಲಗುವುದಿಲ್ಲ. ದಕ್ಷಿಣಕ್ಕೆ ತಲೆ ಮಾಡಿದರೆ ಕಾಲು ಗೋಡೆಯ ಮೇಲಿನ ಬಸವಣ್ಣನ ಪಟದ ಕಡೆಗಾಗುತ್ತದೆ. ಕೊನೆಗೆ ಪೂರ್ವ ಪಶ್ಚಿಮವಾಗಿ, ಟಿಕೆಟ್ ಕಿಟಕಿಗೆ ಅಡ್ಡಲಾಗಿ ಹಾಕಬೇಕಾಯಿತು. ಅಂದಿನಿಂದ ಒಳಮನಸ್ಸು ಹೊರಗೆ ಬರುತ್ತಿರುವಾಗಲೇ, ಮಲಗಿದವನ ಹೊಟ್ಟೆಯ ಮೇಲಿಂದ ಕೈ ಚಾಚಿ ನಂಜಯ್ಯ ಟಿಕೆಟ್ ಕೊಡುತ್ತಿದ್ದ. ಕಿಟಕಿಯಾಚೆ ಸಾಲು ನಿಂತವರು ಎಲ್ಲವನ್ನೂ ಕೇಳಿಸಿಕೊಂಡು ತಮಗೆ ತಿಳಿದಷ್ಟು ಅರ್ಥ ಹೇಳಿ ಸಹಾಯ ಮಾಡುತ್ತಿದ್ದರು. ನಾನು ಎದುರಿಗೇ ಸೈಕಲ್ ಅಂಗಡಿ ಇಟ್ಟಿದ್ದೆ. ನನಗೆ ವ್ಯಾಪಾರ ಕಮ್ಮಿ, ಕಿವಿಗೆ ಕೆಲಸ ಜಾಸ್ತಿ.

ಮೊದಲು ಮಲಗಿದವನು ಬಾಗೂರಿನ ಕಂಡಕ್ಟರ್ ಸಣ್ಣಯ್ಯ. ಕನಸಿನಲ್ಲಿ ಅಪ್ಪ ಬಂದು ಹುರುಳಿ ಕೀಳುವುದಕ್ಕೆ ಊರಿಗೆ ಕರೆದನೆಂದು ಹೇಳಿದ. ಅಪ್ಪನ ಹೆಸರು ಬಂದದ್ದೇ ತಡ, ನಂಜಯ್ಯ ಪುಳಕಗೊಂಡು ರಜೆ ಕೊಟ್ಟುಬಿಟ್ಟ. ಮಾರನೆಯ ದಿನದಿಂದ ಕಂಪೆನಿಯ ನೌಕರರ ಅಪ್ಪಂದಿರೆಲ್ಲ, ಬದುಕಿದ್ದವರೂ ಸತ್ತವರೂ, ಸುಗ್ಗಿ ಮುಗಿಯುವವರೆಗೆ ಬಿಡುವಿಲ್ಲದೆ ಮಕ್ಕಳ ಕನಸಿನಲ್ಲಿ ಓಡಾಡಿದರು. ವರದಿ ಕೇಳಿ ಗೌರೀಶಂಕರ, “ನೋಡಿದಿರಾ, ಎಲ್ಲ ಕಡೆಗೂ ತಂದೆಯೇ!” ಎಂದು ಮಾವನಿಗೆ ಹೇಳಿದ. ಇಲ್ಲಿಗೇ ನಿಂತಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಆದರೆ ಅರಕಲಗೂಡು ದಾಟಿ ಹೋಗುವ ಕೊಣನೂರು ಬಸ್ಸು ನಿಲ್ಲುತ್ತಿರಲಿಲ್ಲ. ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ಅದರ ಬ್ರೇಕು ಸವೆದು ಹೋಗಿತ್ತು. ಡ್ರೈವರ್ ಕೆಂಚಯ್ಯ ಸ್ಟ್ಯಾಂಡು ಇನ್ನೂ ದೂರವಿರುವಾಗಲೇ ಹಾರನ್ ಹೊಡೆದುಕೊಂಡು ಬಂದು, ನನ್ನ ಅಂಗಡಿಯ ಪಕ್ಕದ ದಿಬ್ಬಕ್ಕೆ ಬಸ್ಸು ಹತ್ತಿಸುತ್ತಿದ್ದ. ಅದು ಅಲ್ಲಿ ಸುಸ್ತಾಗಿ ಹಿಂದಕ್ಕೆ ಜಾರುವಾಗ ಕ್ಲೀನರ್ ಹುಚ್ಚಯ್ಯ ಹಾರಿ ಇಳಿದು ಚಕ್ರಕ್ಕೆ ಮರದ ಕೊರಡು ಕೊಡುತ್ತಿದ್ದ. ಸಂತೆಯ ದಿನ ಆ ಹಾರನ್ ಕೇಳಿದರೆ ಕೋಳಿಗಳು ಕೂಡ ಕಟ್ಟೆ ಹತ್ತುತ್ತಿದ್ದವು.

“ಬ್ರೇಕ್ ನಿಲ್ತಾ ಇಲ್ಲ ಸಾ” ಎಂದು ಕೆಂಚಯ್ಯ ಬಾಗಿಲಾಚೆ ನಿಂತು ಹೇಳಿದ. “ತುಳಿದ್ರೆ ಕಾಲ್ಗೆ ನೆಲ ಸಿಕ್ತದೆ, ಬ್ರೇಕ್ ಸಿಕ್ಕಾಕಿಲ್ಲ. ಒಳಗಿನ್ ಪಟ್ಟಿ ಸವ್ದೋಗದೆ, ಒಸಾ ಲೈನಿಂಗ್ ಆಕ್ಸಿ ಸಾ. ಯಾವತ್ತಾರ ಜನ ಸಾಯ್ತಾರೆ.”

ನಂಜಯ್ಯ ಇದನ್ನು ಗೌರೀಶಂಕರನಿಗೆ ತಿಳಿಸಿದ. ಗೌರೀಶಂಕರ ಅದೇ ವಾರ ಖುದ್ದಾಗಿ ಬಂದ. ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ.

“ಬ್ರೇಕಿನ ಕೆಲಸವೇನು ನಂಜಯ್ಯನವರೇ?”

“ತಡೆಯೋದು ಸಾ.”

“ಚಿಕ್ಕಂದಿನಲ್ಲಿ ನಮ್ಮನ್ನು ತಡೆದವರು ಯಾರು?”

“ನಮ್ಮವ್ವ ಸಾ. ಸೌದೆ ತಗಂಡು.”

“ತಂದೆ!” ಎಂದ ಗೌರೀಶಂಕರ. “ಬ್ರೇಕು ಹೋಯಿತು ಅನ್ನುವವನ ಒಳಮನಸ್ಸು ತಂದೆ ಹೋಗಲಿ ಅನ್ನುತ್ತಿದೆ. ಜನ ಸಾಯುತ್ತಾರೆ ಅಂದನಲ್ಲ, ಯಾವ ಜನ? ಅವನನ್ನು ಮಲಗಿಸಿ.”

ಇಲ್ಲಿ ನಂಜಯ್ಯನಿಗೆ ಇಕ್ಕಟ್ಟಾಯಿತು. ಕೆಂಚಯ್ಯ ಹರದನಹಳ್ಳಿಯ ಕೇರಿಯವನು. ಸಕಲೇಶಪುರದ ಕಡೆ ಕಾಫಿ ತೋಟದ ದೊರೆಯ ಕಾರು ತೊಳೆಯುತ್ತಾ ಡ್ರೈವಿಂಗ್ ಕಲಿತಿದ್ದ. ಬಸ್ಸಿನಲ್ಲಿ ಅವನ ಬೆನ್ನ ಹಿಂದೆ ಊರಿನ ದೊಡ್ಡಕುಳಗಳೆಲ್ಲ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಬಸ್ಸಿನಿಂದ ಇಳಿದರೆ ಅವನು ಬಾಗಿಲಾಚೆ ನಿಲ್ಲಬೇಕು, ಕಾಫಿಯನ್ನು ಹೋಟೆಲಿನ ಹಿತ್ತಲಲ್ಲಿ ಕುಡಿಯಬೇಕು. ಅಂಥವನನ್ನು ಏಜೆಂಟರ ಬೆಂಚಿನ ಮೇಲೆ ಮಲಗಿಸುವುದೆಂದರೆ?

“ಬ್ಯಾಡಿ ಬುದ್ಧಿ, ನಿಂತ್ಕಂಡೇ ಯೋಳ್ತೀನಿ” ಎಂದು ಕೆಂಚಯ್ಯನೂ ಹಿಂದೆ ಸರಿದ.

“ಶಾಸ್ತ್ರದಲ್ಲಿ ಜಾತಿ ಇಲ್ಲ, ಮಲಗಪ್ಪ” ಎಂದ ಗೌರೀಶಂಕರ. ಅವನಾಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ನಂಜಯ್ಯ ಆಫೀಸಿನ ಹಿಂದೆಯೇ ಇದ್ದ ತನ್ನ ಮನೆಯೊಳಗೆ ಹೋಗಿ ತಲೆದಿಂಬು ತಂದ. ಕೆಂಚಯ್ಯ ದಿಂಬಿಗೆ ತಲೆ ತಾಗದ ಹಾಗೆ ಕತ್ತು ಬಿಗಿಹಿಡಿದು ಮಲಗಿದ.

ಎದುರುಮನೆಯ ಗುರುಸಿದ್ದಮ್ಮ ಅರಕಲಗೂಡಿಗೆ ಟಿಕೆಟ್ ಕೇಳಲು ಬಂದವಳು ಕಿಟಕಿಯಲ್ಲಿ ಇಣುಕಿ ಹೌಹಾರಿದಳು. “ಏನ್ ನಂಜಯ್ಯ ಇದು! ಆ ಬೆಂಚ್ ಮ್ಯಾಲೆ ನಾಳಿಕ್ಕೆ ನಾವ್ ಕೂರೋದೆಂಗೆ?”

“ಬಸ್ನಾಗೆ ಅವನ ಹಿಂದೇನೇ ಕೂರ್ತೀರಲ್ಲಕ್ಕ.”

“ಹಿಂದೆ ಕೂರೋದ್ ಬ್ಯಾರೆ, ಅವನು ಮಲಗಿದ್ ತಾವ ಕೂರೋದ್ ಬ್ಯಾರೆ. ಅಷ್ಟೂ ತಿಳೀದಾ ನಿಂಗೆ?” ಎಂದು ಗುರುಸಿದ್ದಮ್ಮ ಟಿಕೆಟ್ ತೆಗೆದುಕೊಂಡು, ಅದೇ ಬಸ್ಸಿಗೆ ಕಾಯುತ್ತಾ ನಿಂತಳು. ಕೆಂಚಯ್ಯ ಏಳದೆ ಬಸ್ಸು ಹೊರಡುವ ಹಾಗಿರಲಿಲ್ಲ.

“ನಿನ್ನ ಮನಸ್ಸಿನಲ್ಲಿ ಏನಿದೆ ಹೇಳಪ್ಪ” ಎಂದ ಗೌರೀಶಂಕರ. ಕೆಂಚಯ್ಯನ ಕತ್ತು ಸಡಿಲವಾಯಿತು, ತಲೆ ದಿಂಬಿಗೆ ಇಳಿಯಿತು.

“ನಮ್ಮಂತೋರ್ ಮನ್ಸಿನಾಗೂ ಏನಾರ ಇರ್ತದೆ ಅಂತ ಇವತ್ತೇ ಸಾ ಕೇಳ್ತಿರೋದು” ಎಂದ. “ನಮ್ಮಪ್ಪ ಊರ್ ತೋಟಿ. ಡ್ರೈವಿಂಗ್ ಕಲೀತೀನಿ ಅಂದಿದ್ಕೆ ಕಂಬಕ್ ಕಟ್ಟಿ ವಡ್ದ. ‘ಮಾರಾಜ್ರು ಕೂರೋ ಗಾಡೀಲಿ ನೀನ್ ಕೂರ್ತೀಯೇನ್ಲಾ, ಊರೋರು ಕೇರೀಗ್ ಬೆಂಕಿ ಮಡಗ್ತಾರೆ’ ಅಂದ. ನೀನ್ ಸತ್ರೂ ಬರಾಕಿಲ್ಲ ಅಂದ್ಬುಟ್ಟು ಊರ್ ಬುಟ್ಟೆ. ಸತ್ತ. ಮಣ್ಣಿಗೂ ಬರ್ನಿಲ್ಲ ಸಾ ನಾನು.”

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ತಲೆಯ ಹಿಂದೆ ಕೂತಿದ್ದ ನಂಜಯ್ಯನೂ ಅತ್ತ. ಕಿಟಕಿಯಾಚೆ ಗುರುಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯೋ ಪಾಪ, ಯಾರ್ ಮಕ್ಳಾದ್ರೇನು” ಎಂದಳು. ಕೊಣನೂರು ಬಸ್ಸು ಅವತ್ತು ಬಹಳ ತಡವಾಗಿ ಹೊರಟಿತು. ದಿಂಬನ್ನು ಮತ್ತೆ ಮನೆಯೊಳಕ್ಕೆ ತರಕೂಡದೆಂದು ಶಿವಗಂಗಮ್ಮ ಹೇಳಿದಳು. ಅದು ಆಫೀಸಿನಲ್ಲೇ ಉಳಿಯಿತು.

“ತಂದೆಯ ಜೊತೆ ರಾಜಿಯಾಗು, ಬ್ರೇಕು ತಾನೇ ಸರಿಹೋಗುತ್ತದೆ” ಎಂದು ಗೌರೀಶಂಕರ ಹೇಳಿಹೋಗಿದ್ದ. ಮನಸ್ಸಿನೊಳಗೆ ರಾಜಿಯಾಗು ಎಂಬುದು ಅವನ ಅರ್ಥ. ಕೆಂಚಯ್ಯನಿಗೆ ಸತ್ತವರ ಜೊತೆ ರಾಜಿಯಾಗುವ ದಾರಿ ಒಂದೇ ಗೊತ್ತು. ಹೆಂಡತಿ ಸುಬ್ಬಮ್ಮನನ್ನು ಕರೆದುಕೊಂಡು ಹರದನಹಳ್ಳಿಗೆ ಹೋಗಿ, ಅಪ್ಪನ ಗುಣಿಯ ಮುಂದೆ ಬಾಳೆಯೆಲೆ ಹಾಸಿ, ಮೀನುಸಾರು, ಮುದ್ದೆ, ಹೆಂಡ, ಬೀಡಿಕಟ್ಟು ಎಲ್ಲ ಎಡೆಯಿಟ್ಟು ಅಡ್ಡಬಿದ್ದ. ಬಸ್ಸಿನ ಚಕ್ರದ ಮಣ್ಣನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಅಪ್ಪನ ತಲೆದೆಸೆಗೆ ಇಟ್ಟು, “ತೆಪ್ಪಾಯ್ತು ಕಣಪ್ಪೋ, ನಿಂತ್ಕೊಳಂಗ್ ಮಾಡು” ಎಂದನಂತೆ.

ಬಂದ ಮೇಲೆ ಬಸ್ಸು ನಿಂತಿತು! ಸ್ಟ್ಯಾಂಡಿನಲ್ಲಿ, ದಿಬ್ಬ ಹತ್ತದೆ, ಕೊರಡಿಲ್ಲದೆ ನಿಂತಿತು. ಸುತ್ತ ಜನ ಸೇರಿದರು. ಹುಚ್ಚಯ್ಯ ಬಸ್ಸಿಗೆ ಕಡ್ಡಿಕರ್ಪೂರ ಹಚ್ಚಿದ. ಆ ವಾರ ಇದ್ದಿಲು ಮಳೆಗೆ ನೆನೆದು ಒದ್ದೆಯಾಗಿತ್ತೆಂದೂ, ಬಸ್ಸು ನಡೆಯುವವರಿಗಿಂತ ಜೋರಾಗಿ ಹೋಗುತ್ತಲೇ ಇರಲಿಲ್ಲವೆಂದೂ ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೈಕಲ್ ಅಂಗಡಿಯವನಿಗೆ ಹೊಟ್ಟೆಯುರಿ ಎಂದರು.

ಗೌರೀಶಂಕರನ ಹೆಸರು ನಾಲ್ಕೂ ತಾಲ್ಲೂಕಿನಲ್ಲಿ ಹಬ್ಬಿತು. ಈಶ್ವರಯ್ಯನವರ ಕೆಮ್ಮೇ ವಾಸಿಯಾಯಿತು. ಅಂದಿನಿಂದ ಗಂಗಾಂಬಿಕಾ ಕಂಪೆನಿಯಲ್ಲಿ ಯಾವುದನ್ನೂ ರಿಪೇರಿ ಮಾಡಲಿಲ್ಲ, ಎಲ್ಲವನ್ನೂ ಅರ್ಥಮಾಡಿಕೊಂಡರು. ಹಾರನ್ ಕೂಗದಿದ್ದರೆ ಡ್ರೈವರು ಮನಸ್ಸಿನಲ್ಲಿ ಏನನ್ನೋ ನುಂಗಿಕೊಂಡಿದ್ದಾನೆ ಎಂದರು. ಚಾವಣಿ ಸೋರುತ್ತದೆ ಎಂದು ಗಲಾಟೆ ಮಾಡಿದ ಚನ್ನರಾಯಪಟ್ಟಣದ ಪ್ರಯಾಣಿಕನೊಬ್ಬನಿಗೆ ಕಂಡಕ್ಟರ್ ಸಣ್ಣಯ್ಯ, “ನಿಮ್ಮೊಳ್ಗೇ ಅಳು ತುಂಬೈತೆ ಯಜಮಾನ್ರೇ, ಅದು ತಲೆ ಮ್ಯಾಲೆ ಬೀಳ್ತಾ ಐತೆ” ಎಂದು ಸಮಾಧಾನ ಹೇಳಿದ. ಆ ಮನುಷ್ಯ ಕೊಡೆ ಬಿಚ್ಚಿಕೊಂಡು ಬಾಯಿಗೆ ಬಂದ ಹಾಗೆ ಬೈದ. ಬೈಗುಳದಲ್ಲಿ ಅಪ್ಪನ ಹೆಸರೂ ಬಂದದ್ದರಿಂದ ಶಾಸ್ತ್ರ ಇನ್ನೊಂದು ಸಲ ಗೆದ್ದಿತು.

ಮಳೆ ನಿಂತಿತು. ಒಣಗಿದ ಇದ್ದಿಲು ಬಂತು. ಬಸ್ಸು ಓಡತೊಡಗಿತು, ನಿಲ್ಲುವುದನ್ನು ಮತ್ತೆ ಮರೆಯಿತು. ಆದರೆ ಈ ಸಲ ಕೆಂಚಯ್ಯ ದೂರು ಕೊಡಲಿಲ್ಲ. ತಾನೇ ಬಂದು ಬೆಂಚಿನ ಮೇಲೆ ಮಲಗಿ, “ಇನ್ನೂ ಎಲ್ಲೋ ಒಸಿ ಸಿಟ್ ಉಳ್ಕಂಡದೆ ಸಾ, ಉಡುಕಿ” ಎನ್ನುತ್ತಿದ್ದ. ನಂಜಯ್ಯನಿಗೆ ನಿಜವಾಗಿ ಹೆದರಿಕೆಯಾದದ್ದು ಆವಾಗ. ಅದಾದ ಮೇಲೆ ಒಂದು ದಿನ ಅವನೇ ಅದೇ ಬಸ್ಸಿನಲ್ಲಿ ಅರಕಲಗೂಡಿಗೆ ಹೋಗಬೇಕಾಗಿ ಬಂತು. ದಾರಿಯಲ್ಲಿ ಅಡ್ಡ ಬಂದ ಎತ್ತಿನಗಾಡಿಯೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬಸ್ಸು ಹೊಲಕ್ಕೆ ನುಗ್ಗಿ, ಉತ್ತ ಮಣ್ಣಿನಲ್ಲಿ ಹೂತು ನಿಂತಿತು. ನಂಜಯ್ಯ ನೇರವಾಗಿ ಯಜಮಾನರ ಮನೆಗೆ ಹೋದ. ಅಳಿಯನೂ ಅಲ್ಲೇ ಇದ್ದ.

“ಬ್ರೇಕು ನಿಜವಾಗ್ಲೂ ಕೆಟ್ಟೈತೆ ಸಾ” ಎಂದು ಬಾಗಿಲಲ್ಲೇ ಕೈಮುಗಿದ. “ತಾವೇ ನಮ್ಗೆಲ್ಲ ತಂದೆ ತಾಯಿ. ಒಂದ್ ಲೈನಿಂಗ್ ಹಾಕ್ಸಿ.”

ಗೌರೀಶಂಕರ ಕುರ್ಚಿಯಿಂದ ಎದ್ದುಬಿಟ್ಟ. “ಕೇಳಿದಿರಾ ಮಾವ? ಬ್ರೇಕು ಅಂದರು, ತಂದೆ ಅಂದರು. ಒಂದೇ ಉಸಿರಿನಲ್ಲಿ!”

ಈಶ್ವರಯ್ಯನವರ ಮುಖ ಸಪ್ಪಗಾಯಿತು. “ಇಷ್ಟು ವರ್ಷ ನನ್ನ ಅನ್ನ ತಿಂದು, ನಾನು ಸಾಯ್ಲಿ ಅಂತ ಕಾಯ್ತಿದೀಯೇನಯ್ಯ ನಂಜಯ್ಯ?”

“ಶಿವ ಶಿವಾ! ಲಿಂಗದ ಆಣೆ, ನಾನು ಹಂಗೆಲ್ಲ ಅನ್ಕಂಡಿಲ್ಲ ಸಾ!”

“ಅನ್ನಿಸಿದ್ದು ಅವರಿಗೇ ಗೊತ್ತಿರುವುದಿಲ್ಲ ಮಾವ. ಎಷ್ಟು ಜೋರಾಗಿ ಇಲ್ಲ ಅನ್ನುತ್ತಾರೋ ಅಷ್ಟು ಆಳದಲ್ಲಿದೆ ಎಂದರ್ಥ.”

ಹೌದೆಂದರೂ ಕೊಲೆಗಾರ, ಇಲ್ಲವೆಂದರೂ ಕೊಲೆಗಾರ. ನಂಜಯ್ಯನಿಗೆ ಒಂದೇ ದಾರಿ ಕಂಡಿತು. “ಹಂಗಾರೆ ಬ್ರೇಕು ಚೆನ್ನಾಗೈತೆ ಸಾ! ಏನೂ ಆಗಿಲ್ಲ! ನಾನೇ ತಪ್ ತಿಳ್ಕಂಡೆ!” ಎಂದು ಕೂಗಿದ. ಮನೆಯ ಆಳುಕಾಳು, ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ನೆಂಟರು ಎಲ್ಲರೂ ಅದನ್ನು ಕೇಳಿಸಿಕೊಂಡರು.

“ಇವರ ಭಯ ಹೋಗಬೇಕಾದರೆ ತಂದೆ ಮಕ್ಕಳ ಜೊತೆ ಕೂರಬೇಕು” ಎಂದ ಗೌರೀಶಂಕರ. “ಕೊಣನೂರು ಸಂತೆಗೆ ತಾವೇ ಅದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಹೋಗಿಬನ್ನಿ ಮಾವ.” ಈಶ್ವರಯ್ಯನವರು ಒಪ್ಪಿದರು. ಸ್ವಂತ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಸಂತೆಯಲ್ಲಿ ಮೆಣಸಿನಕಾಯಿ ಧಾರಣೆಯನ್ನೂ ನೋಡಿದಂತಾಗುತ್ತದೆ. ಗೌರೀಶಂಕರ ಮಾತ್ರ ಹತ್ತಲಿಲ್ಲ. ಪ್ರಯೋಗ ಮಾ​ಡುವವನು ಹೊರಗಿನಿಂದಲೇ ನೋಡಬೇಕೆಂದು ಶಾಸ್ತ್ರವಿದೆಯಂತೆ.

ಕೆಂಚಯ್ಯ ಅವತ್ತು ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಖಾಕಿ ಹಾಕಿಕೊಂಡು ಬಂದಿದ್ದ. ಯಜಮಾನರು ಅವನ ಪಕ್ಕದಲ್ಲಿ ಕೂತರು. “ಎಲ್ಲಾ ಸರಿಯಾಗಿದೆಯೇನೋ?” ಎಂದರು. “ಸಿಟ್ಟೇನೂ ಉಳ್ದಿಲ್ಲ ಬುದ್ಧಿ” ಎಂದ ಕೆಂಚಯ್ಯ.

ಕೊಣನೂರಿಗೆ ಇಳಿಯುವ ಇಳಿಜಾರಿನಲ್ಲಿ ಸಂತೆಗೆ ಹೋಗುವ ಗಾಡಿಗಳು ಸಾಲಾಗಿ ನಿಂತಿದ್ದವು. ಕೆಂಚಯ್ಯ ತುಳಿದ. ಮತ್ತೆ ತುಳಿದ. ಹುಚ್ಚಯ್ಯ ಹಿಂದಿನಿಂದ ಕೊರಡು ಹಿಡಿದು ಹಾರಿದ, ಓಡಿ ಬಂದು ಚಕ್ರಕ್ಕೆ ಕೊಡಲು ಹೋದ. ಕೊರಡಿನ ಜೊತೆಗೆ ಅವನೂ ಚಕ್ರದಡಿಗೆ ಹೋದ. ಗಾಡಿಗಳ ಮೇಲೆ ಬಿಡಬಾರದೆಂದು ಕೆಂಚಯ್ಯ ಬಸ್ಸನ್ನು ಹುಣಿಸೆ ಮರಕ್ಕೆ ತಿರುಗಿಸಿದ. ಯಜಮಾನರು ಕೂತಿದ್ದ ಮಗ್ಗುಲು ಮರಕ್ಕೆ ಬಡಿಯಿತು. ಜನ ಹೊರಗೆ ಬೀಳುವಷ್ಟರಲ್ಲಿ ಹಿಂದಿನ ಒಲೆ ಕವುಚಿ ಬಸ್ಸಿಗೆ ಬೆಂಕಿ ಹತ್ತಿತು. ಕೆಂಚಯ್ಯ ಬೆಂಕಿಯೊಳಗಿನಿಂದ ಯಜಮಾನರನ್ನು ಎಳೆದು ತಂದ. ಅವರು ಸೀಟಿನಲ್ಲಿ ಕೂತಂತೆಯೇ ತೀರಿಹೋಗಿದ್ದರು.

“ಪುಣ್ಯವಂತ್ರು, ಕೂತಂಗೇ ಲಿಂಗೈಕ್ಯರಾದ್ರು, ಕೂರ್ಸೋ ಕಷ್ಟಾನೂ ಕೊಡ್ನಿಲ್ಲ” ಎಂದು ಅರಕಲಗೂಡಿನಲ್ಲಿ ನೆಂಟರು ಮಾತಾಡಿಕೊಂಡರು. ಹುಚ್ಚಯ್ಯನ ವಿಷಯ ಯಾರೂ ಏನೂ ಅನ್ನಲಿಲ್ಲ. ಅವನೂ ಮಕ್ಕಳ ತಂದೆಯೇ. ಆದರೆ ಶಾಸ್ತ್ರದಲ್ಲಿ ಅಂಥ ತಂದೆಗೆ ಜಾಗವಿರಲಿಲ್ಲ.

ಯಜಮಾನಿಕೆ ಗೌರೀಶಂಕರನಿಗೆ ಬಂತು. ಆ ತಿಂಗಳು ಕಳೆಯುವುದರೊಳಗೆ ಎಲ್ಲ ಬಸ್ಸುಗಳಿಗೂ ಹೊಸ ಬ್ರೇಕ್ ಲೈನಿಂಗ್ ಬಂತು. ಯುದ್ಧದಿಂದಾಗಿ ಇಡೀ ಸಂಸ್ಥಾನದಲ್ಲೇ ಸಿಕ್ಕದು ಅನ್ನುತ್ತಿದ್ದ ಸಾಮಾನು ಎಲ್ಲಿಂದ ಬಂತೋ ನನಗೆ ತಿಳಿಯದು.

ಪೊಲೀಸರು ಕೆಂಚಯ್ಯನನ್ನು ಹಿಡಿದರು. ಬಸ್ಸು ಸುಟ್ಟು ಬೂದಿಯಾಗಿದ್ದರಿಂದ ಬ್ರೇಕು ಹೇಗಿತ್ತೆಂದು ನೋಡುವಂತಿರಲಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಬೇಕು. ಸುಬ್ಬಮ್ಮ ಕಾಲಿಗೆ ಬಿದ್ದು ಹಾಸನದ ಒಬ್ಬ ವಕೀಲರನ್ನು ಒಪ್ಪಿಸಿದಳು. ಅವರು ಕೆಂಚಯ್ಯನಿಗೆ ಹೇಳಿದ್ದು ಇಷ್ಟೇ: “ಬ್ರೇಕು ಕೆಟ್ಟಿತ್ತು, ಮೊದಲೇ ತಿಳಿಸಿದ್ದೆ ಅನ್ನು. ಏಜೆಂಟರೂ ಹೌದೆನ್ನಲಿ. ಬಿಟ್ಟುಬಿಡುತ್ತಾರೆ.”

ಏಜೆಂಟರು ಹೌದೆಂದರೆ ಕೆಲಸ ಹೋಗುತ್ತಿತ್ತು. ನಂಜಯ್ಯ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಶಿವಗಂಗಮ್ಮ, “ಇದ್ದದ್ದು ಇದ್ದಂಗೆ ಹೇಳ್ಬುಟ್ ಬನ್ನಿ. ರಾಗಿ ಅಂಬ್ಲಿ ಕುಡ್ಕಂಡಿರಾನ. ಒಬ್ಬನ ಸಂಸಾರ ಹಾಳ್ ಮಾಡಿ ಉಂಡ್ರೆ ಅರಗ್ತದಾ?” ಎಂದಳು. ನಂಜಯ್ಯ ತನ್ನ ಜೀವಮಾನದಲ್ಲಿ ಪೂರ್ತಿ ಎಚ್ಚರವಾಗಿದ್ದು ಮಾಡಿದ ಕೆಲಸ ಅದೊಂದೇ ಇರಬೇಕು. ಕೋರ್ಟಿನ ಕಟಕಟೆಯಲ್ಲಿ ನಿಂತು, ಬ್ರೇಕು ಇರಲೇ ಇಲ್ಲವೆಂದು ಹೇಳಿದ.

“ಹಾಗಾದರೆ ಯಜಮಾನರ ಮನೆಯಲ್ಲಿ, ನಾಲ್ಕು ಜನರೆದುರಿಗೆ, ಬ್ರೇಕು ಚೆನ್ನಾಗಿದೆ ಎಂದು ಕೂಗಿದ್ದು ಯಾರು?” ಎಂದರು ಸರ್ಕಾರಿ ವಕೀಲರು.

“ನಾನೇ ಸ್ವಾಮಿ. ಯಜಮಾನ್ರು ಸಾಯ್ಲಿ ಅನ್ನೋ ಆಸೆ ನಂಗಿಲ್ಲ ಅಂತ ತೋರ್ಸಕ್ಕೆ.”

ಕೋರ್ಟು ಗೊಳ್ಳೆಂದು ನಕ್ಕಿತು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಅವರಿಗೆ ಏನೋ ಸಂಶಯ ಬಂದಿತ್ತು. ಕೆಂಚಯ್ಯನ ಕಡೆ ತಿರುಗಿ ಮೆತ್ತಗೆ ಕೇಳಿದರು: “ನೀನೇ ಹೇಳಪ್ಪ. ಬ್ರೇಕು ಕೆಟ್ಟಿತ್ತೋ ಇಲ್ಲವೋ? ಕೆಟ್ಟಿತ್ತು ಅಂದರೆ ನಾನು ಬರೆದುಕೊಳ್ಳುತ್ತೇನೆ.”

ವಕೀಲರು ಹೌದೆನ್ನು ಎಂದು ತಲೆಯಾಡಿಸಿದರು. ಬಾಗಿಲಲ್ಲಿ ಸುಬ್ಬಮ್ಮ ಸೆರಗೊಡ್ಡಿ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಗೌರೀಶಂಕರ ತಲೆ ತಗ್ಗಿಸಿ ಕೂತಿದ್ದ. ಕೆಂಚಯ್ಯ ಒಂದು ಸಲ ಅವನನ್ನೂ, ಒಂದು ಸಲ ನಂಜಯ್ಯನನ್ನೂ ನೋಡಿದ.

“ಬ್ರೇಕು ಕೆಟ್ಟಿರ್ನಿಲ್ಲ ಬುದ್ಧಿ” ಎಂದ. “ನನ್ ಒಳಮನ್ಸು ಕೆಟ್ಟಿತ್ತು. ನಮ್ಮಪ್ಪನ್ ಮ್ಯಾಲಿನ್ ಸಿಟ್ಟು ಪೂರಾ ಓಗಿರ್ನಿಲ್ಲ. ಅದು ಯಜಮಾನ್ರ ಮ್ಯಾಲೆ ತಿರೀಕಂತು. ನಾನೇ ಕೊಂದೆ.”

“ಸುಳ್ ಯೋಳ್ಬ್ಯಾಡ ಕಣಯ್ಯೋ!” ಎಂದು ಸುಬ್ಬಮ್ಮ ಕಿರುಚಿದಳು. “ಬ್ರೇಕ್ ಇಲ್ಲ ಬ್ರೇಕ್ ಇಲ್ಲ ಅಂತ ದಿನಾ ಅನ್ನದ್ ಮುಂದೆ ಕೂತ್ಕಂಡು ಅಳ್ತಿದ್ಯಲ್ಲೋ!” ಜವಾನ ಅವಳನ್ನು ಹೊರಗೆ ಕಳಿಸಿದ. ಯಾರಾದರೂ ಹೆದರಿಸಿ ಹೀಗೆ ಹೇಳಿಸಿದರೇನೆಂದು ಮ್ಯಾಜಿಸ್ಟ್ರೇಟರು ಮತ್ತೆ ಮತ್ತೆ ಕೇಳಿದರು. ಯಾರೂ ಹೆದರಿಸಿಲ್ಲವೆಂದು ಕೆಂಚಯ್ಯ ಮತ್ತೆ ಮತ್ತೆ ಹೇಳಿದ. ಅದು ನಿಜವೇ ಆಗಿತ್ತು. ಅವನೇ ಒಪ್ಪಿಕೊಂಡ ಮೇಲೆ ಅವರಾದರೂ ಏನು ಮಾಡಿಯಾರು? ಎರಡು ವರ್ಷ ಸಜೆಯಾಯಿತು.

ಹೊರಗೆ ಜಗಲಿಯಲ್ಲಿ ನಂಜಯ್ಯ ಪೊಲೀಸಿನವನಿಗೆ ಅಡ್ಡ ನಿಂತ. ಸಿಟ್ಟಿನಿಂದ ಅಳುತ್ತಿದ್ದ. “ಯಾಕೋ ಹಿಂಗ್ ಮಾಡ್ದೆ ಕೆಂಚಯ್ಯ? ಬ್ರೇಕು ಹೋಗಿತ್ತು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಾನು ಕೆಲಸ ಕಳ್ಕಂಡು ನಿಜ ಹೇಳ್ದೆನಲ್ಲೋ!”

“ಗೊತ್ತು ಬುದ್ಧಿ” ಎಂದ ಕೆಂಚಯ್ಯ ಸಮಾಧಾನವಾಗಿ. “ಆದ್ರೆ ಹುಟ್ಟಿದಾಗ್ನಿಂದ ‘ನಿನ್ ಮನ್ಸಿನಾಗೆ ಏನೈತಪ್ಪ’ ಅಂತ ಮಲಗ್ಸಿ ಕೇಳ್ದೋರು ನೀವೂ ಆ ಚಿಕ್ ಯಜಮಾನ್ರೂ ಇಬ್ರೇಯ. ಅಷ್ಟ್ ಮರ್ವಾದೆ ಕೊಟ್ಟೋರ್ ಅವತ್ ಯೋಳಿದ್ ಮಾತ್ನ ಅಷ್ಟ್ ಜನದ್ ಮುಂದೆ ಸುಳ್ ಮಾಡಾಕಾಯ್ತದಾ?”

ಪೊಲೀಸಿನವನು ನಡೆ ನಡೆ ಎಂದ. “ಬತ್ತೀನಿ ಬುದ್ಧಿ” ಎಂದು ಕೆಂಚಯ್ಯ ಕೈಮುಗಿಯಲು ಹೋದ. ಕೋಳ ತೊಡಿಸಿದ್ದರಿಂದ ಕೈಗಳು ಆಗಲೇ ಮುಗಿದುಕೊಂಡಿದ್ದವು.